ಪಿಕೊಇಎಮ್‌ಪಿ: ಟ್ರಿಗರ್ ಪಲ್ಸ್ ಎಷ್ಟು ಬದಲಿಸಿದರೂ ಚಿಪ್ ಬರೀ ರೀಸೆಟ್ ಆಗ್ತಿದೆ, ಅಗಲ ಎಷ್ಟಿಡಬೇಕು?

ತಾಮ್ರತಂತಿ · ಶುಕ್ರವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಎಂ.ಟೆಕ್ ಎರಡನೇ ವರ್ಷ. ಪ್ರಾಜೆಕ್ಟಿಗೆ ವಿದ್ಯುತ್ಕಾಂತೀಯ ಫಾಲ್ಟ್ ಇಂಜೆಕ್ಷನ್, ಅಂದರೆ ಇಎಮ್‌ಎಫ್‌ಐ ತಗೊಂಡಿದ್ದೀನಿ. ಚಿಪ್ ಮೇಲೆ ಪುಟ್ಟ ಕಾಯಿಲ್ ಹಿಡಿದು ಜೋರಾದ ಪಲ್ಸ್ ಬಿಟ್ಟು, ಅದರ ಲೆಕ್ಕ ತಪ್ಪುವ ಹಾಗೆ ಮಾಡೋದು. ಪಿಕೊಇಎಮ್‌ಪಿ ಬೋರ್ಡಿನ ವಿನ್ಯಾಸ ಎಲ್ಲರಿಗೂ ತೆರೆದಿದೆ ಅನ್ನೋ ಕಾರಣಕ್ಕೆ ಎಸ್.ಪಿ. ರೋಡಿನಲ್ಲಿ ಭಾಗಗಳನ್ನು ತಂದು ನಾನೇ ಬೆಸೆದೆ. ಸುಮಾರು 250 ವೋಲ್ಟ್ ಚಾರ್ಜ್ ಆಗ್ತಿದೆ, ಬಟನ್ ಒತ್ತಿದರೆ ಪಲ್ಸ್ ಹೊಡೀತಿದೆ.

ಗುರಿ ಒಂದು ಬ್ಲೂ ಪಿಲ್ ಅನ್ನೋ ಅಗ್ಗದ ಮೈಕ್ರೊಕಂಟ್ರೋಲರ್ ಬೋರ್ಡು, ಚಿಪ್ ಎಸ್‌ಟಿಎಮ್32ಎಫ್103, 72 ಮೆಗಾಹರ್ಟ್ಸ್. ಒಳಗಿನ ಕೋಡು ಸರಳ: 200 ಸುತ್ತಿನ ಲೂಪ್ ಒಳಗೆ ಇನ್ನೊಂದು 200 ಸುತ್ತಿನ ಲೂಪ್, ಕೊನೆಗೆ 40000 ಅಂತ ಪ್ರಿಂಟ್ ಆಗಬೇಕು. ಲೂಪಿಗೆ ಮುಂಚೆ ಒಂದು ಪಿನ್ ಹೈ, ಮುಗಿದ ಮೇಲೆ ಲೋ. ಆ ಪಿನ್ನಿನಿಂದ ಒಂದೇ ಒಂದು ಜಂಪರ್ ವೈರ್, ಪಿಕೊಇಎಮ್‌ಪಿಯನ್ನು ನಡೆಸುವ ಪಿಕೊ ಮೈಕ್ರೊಕಂಟ್ರೋಲರಿನ ಜಿಪಿ0 ಪಿನ್ನಿಗೆ. ಫಾಸ್ಟ್ ಟ್ರಿಗರ್ ಮೋಡ್ (ಜಿಪಿ0 ಹೈ ಆದ ಕೂಡಲೇ ಪಲ್ಸ್ ಹೊಡೆಯೋದು), ಡಿಲೇ 0, ಪಲ್ಸ್ ಟೈಮ್ (ಪಲ್ಸಿನ ಅಗಲ) ಮೊದಲಿಂದ ಇದ್ದ 625.

ಮೂರು ದಿನ ಆಯ್ತು. ಒಂದೋ 40000 ಬರುತ್ತೆ, ಇಲ್ಲ ಚಿಪ್ ರೀಸೆಟ್ ಆಗಿ ಸುಮ್ಮನಾಗುತ್ತೆ. ಮಧ್ಯದ್ದು ಏನೂ ಇಲ್ಲ. ಪಲ್ಸ್ ಟೈಮನ್ನು 100ಕ್ಕೆ ಇಳಿಸಿ ನೋಡಿದೆ, 2000ಕ್ಕೆ ಏರಿಸಿ ನೋಡಿದೆ. ಸರಿಯಾದ ಅಗಲ ಯಾವುದು ಅಂತ ಯಾರಾದರೂ ಹೇಳ್ತೀರಾ? ಮುಂದಿನ ವಾರ ಗೈಡ್ ಮುಂದೆ ತೋರಿಸಬೇಕು.

ಧಾರವಾಡ_ಬೆಸುಗೆ · ಶುಕ್ರವಾರ ರಾತ್ರಿ 11:15

ತಮ್ಮಾ, ಅಗಲದ ಮಾತು ಆಮ್ಯಾಲೆ. ಮೊದಲ ಒಂದು ಹೇಳ್ತೇನಿ, ಸಿಟ್ಟಾಗಬ್ಯಾಡ. ಆ ಕೆಪ್ಯಾಸಿಟರಿನ ಮ್ಯಾಲೆ ಪ್ಲಾಸ್ಟಿಕ್ ಮುಚ್ಚಳ ಹಾಕಿಯೇನು? ಡಿಸ್‌ಆರ್ಮ್ ಅಂತ ಕಮಾಂಡ್ ಕೊಟ್ಟ ತಕ್ಷಣ 250 ವೋಲ್ಟ್ ಮಾಯ ಆಗಂಗಿಲ್ಲ. ಚಾರ್ಜ್ ದೀಪ ಆರೂತನಾ ಕಾಯಿಲ್ ಬದಲಿಸಾಕ ಕೈ ಹಾಕಬ್ಯಾಡ. ಹಳೇ ಕ್ಯಾಮರಾ ಫ್ಲ್ಯಾಶ್ ಬಿಚ್ಚಿ ಹೊಡಸ್ಕೊಂಡವರಿಗೆ ಇದರ ರುಚಿ ಗೊತ್ತದ. ಎದಿಯೊಳಗ ಪೇಸ್‌ಮೇಕರ್ ಇದ್ದವರು ಯಾರರ ಮನ್ಯಾಗಿದ್ರ ಅವರ ಹತ್ರ ಇದನ್ನ ಹಚ್ಚಲೇಬ್ಯಾಡ.

ಇನ್ನ ಎರಡನೇದು. ನಿನ್ನ ಪಲ್ಸ್ ಯಾವಾಗ ಬೀಳತೈತಿ ಅಂತ ಆಸಿಲೋಸ್ಕೋಪಿನ್ಯಾಗ ನೋಡೀಯೇನು? ಹಂಗಂತ ಪ್ರೋಬ್ ಒಯ್ದು ಕಾಯಿಲ್ ಮ್ಯಾಲೆ ಇಡಬ್ಯಾಡ. ಆ ಔಟ್‌ಪುಟ್ಟು ಗ್ರೌಂಡಿಗೆ ತಾಗದಂಗ ಬೇರೆ ಮಾಡಿಟ್ಟಾರ, ಸ್ಕೋಪಿನ ಗ್ರೌಂಡ್ ಕ್ಲಿಪ್ ಹಚ್ಚಿದರ ಆ ರಕ್ಷಣಾ ಹೋತು. ಪ್ರೋಬಿನ ತುದಿಗೆ ಅದರದ ಗ್ರೌಂಡ್ ಕ್ಲಿಪ್ ಕಚ್ಚಿಸು, ಒಂದು ಸಣ್ಣ ಬಳಿ ಆಗತೈತಿ. ಆ ಬಳಿನ್ನ ಕಾಯಿಲಿನಿಂದ ಒಂದು ಬೆರಳು ದೂರ ಹಿಡಿ, ಎಲ್ಲೂ ತಾಗಿಸಬ್ಯಾಡ. ಪಲ್ಸ್ ಬಿದ್ದಾಗ ಸ್ಕೋಪಿನ್ಯಾಗ ಮುಳ್ಳಿನಂಗ ಒಂದು ಗೆರಿ ಏಳತೈತಿ. ಎರಡನೇ ಚಾನಲ್ ಟ್ರಿಗರ್ ವೈರಿಗೆ. ಎರಡೂ ಒಂದ ಫೋಟೋದಾಗ ಹಾಕು, ಆಮ್ಯಾಲೆ ಮಾತಾಡೋಣು.

ಗಡಿಯಾರದವಳು · ಶನಿವಾರ ಬೆಳಿಗ್ಗೆ 7:05

ಅಗಲದ ಪ್ರಶ್ನೆಗೆ ಉತ್ತರ ಕೊಡ್ತೀನಿ, ಆದರೆ ನಿಮ್ಮ ತೊಂದರೆ ಅಗಲದ್ದಲ್ಲ ಅಂತ ನನ್ನ ಅನುಮಾನ.

ಪಿಕೊ 125 ಮೆಗಾಹರ್ಟ್ಸಿನಲ್ಲಿ ಓಡುತ್ತೆ, ಒಂದು ಸೈಕಲ್ಲಿಗೆ 8 ನ್ಯಾನೊಸೆಕೆಂಡ್. 625 ಅಂದರೆ 5 ಮೈಕ್ರೊಸೆಕೆಂಡ್. ಇದು ಸ್ವಿಚ್ಚಿನ ಗೇಟಿಗೆ 'ತೆರೆದಿರು' ಅಂತ ಹೇಳುವ ಹೊತ್ತು. ಚಿಪ್ಪಿಗೆ ಏಟು ಬೀಳುವ ಹೊತ್ತು ಇದಲ್ಲ. ಚಿಪ್ಪಿನೊಳಗಿನ ತಂತಿಗಳಿಗೆ ತಟ್ಟೋದು ಕಾಂತಕ್ಷೇತ್ರ ಬದಲಾಗುವ ವೇಗ. ಕಾಯಿಲಿಗೆ 250 ವೋಲ್ಟ್ ಬಿಟ್ಟಾಗ, ಅದು 1 ಮೈಕ್ರೊಹೆನ್ರಿ ಅಂತ ಇಟ್ಟುಕೊಂಡರೆ, ಪ್ರವಾಹ ಮೊದಲಿಗೆ ಪ್ರತಿ ನ್ಯಾನೊಸೆಕೆಂಡಿಗೆ ಕಾಲು ಆಂಪಿಯರ್‌ನಷ್ಟು ಏರುತ್ತೆ. ಆ ಏರಿಕೆಯಲ್ಲಿ ಒಂದು ಒದೆ, ಇಳಿಯುವಾಗ ಅದಕ್ಕೆ ತಿರುಗಾ ಇನ್ನೊಂದು ಒದೆ. ಮಧ್ಯೆ ಪ್ರವಾಹ ಬದಲಾಗದೆ ನಿಂತ ಹೊತ್ತಿನಲ್ಲಿ ಚಿಪ್ಪಿಗೆ ಏನೂ ಗೊತ್ತಾಗಲ್ಲ. 2000 ಇಟ್ಟರೆ 16 ಮೈಕ್ರೊಸೆಕೆಂಡ್ ಆಯ್ತು, ಒದೆ ಜೋರಾಗಲಿಲ್ಲ. ತೀರಾ ಕಡಿಮೆ ಮಾಡಿದರೆ ಗೇಟ್ ಪೂರ್ತಿ ತೆರೆಯೋದೇ ಇಲ್ಲ, ಪಲ್ಸ್ ಸೊರಗುತ್ತೆ. ಹಾಗಾಗಿ 625 ಅನ್ನು ಮುಟ್ಟಬೇಡಿ. ಈ ಬೋರ್ಡಿನಲ್ಲಿ ವೋಲ್ಟೇಜ್ ಹೆಚ್ಚುಕಡಿಮೆ ಒಂದೇ ಕಡೆ ನಿಂತಿರೋದ್ರಿಂದ, ಜೋರು ಹೆಚ್ಚುಕಡಿಮೆ ಮಾಡೋಕೆ ಇರುವ ಹಿಡಿಕೆ ಎರಡೇ: ಯಾವ ಕಾಯಿಲ್, ಎಷ್ಟು ಎತ್ತರದಲ್ಲಿ. ಅರ್ಧ ಮಿಲಿಮೀಟರ್ ಏರಿಸಿದರೂ ಫಲಿತಾಂಶ ಬದಲಾಗುತ್ತೆ.

ಈಗ ನನ್ನ ಅನುಮಾನ. 40000 ಸುತ್ತು, ಒಂದು ಸುತ್ತಿಗೆ 8 ಸೈಕಲ್ ಅಂತ ಹಿಡಿದರೂ 320000 ಸೈಕಲ್, 72 ಮೆಗಾಹರ್ಟ್ಸಿನಲ್ಲಿ ಹತ್ತಿರಹತ್ತಿರ 4.4 ಮಿಲಿಸೆಕೆಂಡ್. ನಿಮ್ಮ ಗುರಿ ಅಷ್ಟು ಹೊತ್ತು ಬಾಗಿಲು ತೆರೆದು ಕೂತಿದೆ. ಲೂಪ್ ಪರೀಕ್ಷೆ ಇಡೋದೇ ಅದಕ್ಕೆ, ಡಿಲೇ ತಲೆನೋವಿಲ್ಲದೆ ಜಾಗ ಮತ್ತು ಜೋರು ಹುಡುಕಿಕೊಳ್ಳಲಿ ಅಂತ. ನೂರಾರು ಪಲ್ಸ್ ಲೂಪಿನೊಳಗೆ ಬಿದ್ದಿದ್ದರೆ ಒಂದಾದರೂ ತಪ್ಪು ಎಣಿಕೆ ಬರಬೇಕಿತ್ತು. ಪಲ್ಸ್ ಲೂಪಿನೊಳಗೆ ಬೀಳ್ತಾನೇ ಇಲ್ಲ ಅನ್ನಿಸುತ್ತೆ. ನಿಮ್ಮ ಸ್ಕ್ರಿಪ್ಟ್ ಯಾವ ಕ್ರಮದಲ್ಲಿ ಏನೇನು ಮಾಡುತ್ತೆ, ಸಾಲಾಗಿ ಬರೆಯಿರಿ.

ತಾಮ್ರತಂತಿ · ಶನಿವಾರ ಮಧ್ಯಾಹ್ನ 2:30

ಮೇಡಂ, ಸರ್, ಇಬ್ಬರಿಗೂ ಧನ್ಯವಾದ. ಮುಚ್ಚಳ ಇರಲಿಲ್ಲ, ಇವತ್ತು ಅಕ್ರಿಲಿಕ್ ಕತ್ತರಿಸಿ ಹಾಕಿದೆ.

ಸ್ಕ್ರಿಪ್ಟಿನ ಕ್ರಮ: ಆರ್ಮ್ (ಚಾರ್ಜ್ ಶುರು ಮಾಡೋ ಕಮಾಂಡ್), ಚಾರ್ಜ್ ಆಗುವವರೆಗೆ ಕಾಯೋದು, ಫಾಸ್ಟ್ ಟ್ರಿಗರ್ ಕಮಾಂಡ್, ಆಮೇಲೆ ಗುರಿ ಬೋರ್ಡನ್ನು ರೀಸೆಟ್ ಮಾಡೋದು, ಸೀರಿಯಲ್‌ನಲ್ಲಿ ಉತ್ತರ ಓದೋದು.

ಕಾಲೇಜ್ ಲ್ಯಾಬಿನ ಸ್ಕೋಪಿನಲ್ಲಿ ಬೆಸುಗೆ ಸರ್ ಹೇಳಿದ ಹಾಗೆ ಬಳೆ ಮಾಡಿ ಹಿಡಿದೆ. ಫೋಟೋ ಹಾಕಿದ್ದೀನಿ. ಮುಳ್ಳು ಕಾಣುತ್ತೆ, ಆದರೆ ಟ್ರಿಗರ್ ಪಿನ್ ಹೈ ಆಗುವುದಕ್ಕಿಂತ ಎಷ್ಟೋ ಮುಂಚೆ ಬರ್ತಿದೆ! ಟ್ರಿಗರ್ ಲೈನ್ ಆ ಹೊತ್ತಿಗೆ ಹೈಯೂ ಅಲ್ಲ, ಲೋನೂ ಅಲ್ಲ, ಅಲ್ಲೇ ಅಲ್ಲಾಡ್ತಿದೆ. ಹೀಗ್ಯಾಕೆ?

ಗಡಿಯಾರದವಳು · ಶನಿವಾರ ಮಧ್ಯಾಹ್ನ 3:10

ಸಿಕ್ಕಿತು. ರೀಸೆಟ್ ಒತ್ತಿದ ಕ್ಷಣ ಎಸ್‌ಟಿಎಮ್32ರ ಬಹುತೇಕ ಪಿನ್ನುಗಳು ಇನ್‌ಪುಟ್ ಆಗಿ ತೇಲುತ್ತವೆ. ನಿಮ್ಮ ಕೋಡ್ ಎದ್ದು ಆ ಪಿನ್ನನ್ನು ಔಟ್‌ಪುಟ್ ಮಾಡುವ ತನಕ ಆ ವೈರಿಗೆ ಹೇಳೋರು ಕೇಳೋರು ಇಲ್ಲ. ಪಕ್ಕದ ಸೀರಿಯಲ್ ಲೈನಿನ ಅಲುಗಾಟ, ಹೈ ವೋಲ್ಟೇಜ್ ಚಾರ್ಜರಿನ ಸದ್ದು, ಎಲ್ಲ ಅದರ ಮೇಲೆ ಕೂರುತ್ತೆ. ಪಿಕೊ ಆಗಲೇ ಕಿವಿ ನಿಮಿರಿಸಿ ಕಾಯ್ತಿದೆ. ಮೊದಲ ಏರು ಅಂಚು ಕಂಡ ತಕ್ಷಣ ಹೊಡೆಯುತ್ತೆ. ಫಾಸ್ಟ್ ಟ್ರಿಗರ್ ಒಂದು ಸಲಕ್ಕೆ ಒಂದೇ ಪಲ್ಸ್, ಆದ್ದರಿಂದ ನಿಜವಾದ ಅಂಚು ಬಂದಾಗ ನಿಮ್ಮ ಕೈಯಲ್ಲಿ ಪಲ್ಸ್ ಇಲ್ಲ. ಕೆಲವೊಮ್ಮೆ ಏಟು ಚಿಪ್ ಎದ್ದೇಳುವ ಹೊತ್ತಿಗೆ ಬಿದ್ದು ಮತ್ತೆ ರೀಸೆಟ್. ಕೆಲವೊಮ್ಮೆ ಅದೂ ಇಲ್ಲದೆ ಶುದ್ಧ 40000. ನೀವು ಕಂಡಿದ್ದು ಪೂರ್ತಿ ಇದೇ.

ಮೂರು ಕೆಲಸ ಮಾಡಿ. ಜಿಪಿ0 ಹತ್ತಿರವೇ 10 ಕಿಲೋಓಮ್ ರೆಸಿಸ್ಟರ್ ಒಂದನ್ನು ಗ್ರೌಂಡಿಗೆ ಹಾಕಿ, ಆಗ ಯಾರೂ ಹಿಡಿಯದಿದ್ದರೂ ಲೈನ್ ಲೋ ಇರುತ್ತೆ. ಟ್ರಿಗರ್ ವೈರಿನ ಜೊತೆಗೆ ಒಂದು ಗ್ರೌಂಡ್ ವೈರ್ ಹೆಣೆದು ಗುರಿ ಬೋರ್ಡಿಗೆ ಒಯ್ಯಿರಿ. ಈಗ ನಿಮ್ಮ ಗ್ರೌಂಡ್ ಎರಡು ಯುಎಸ್‌ಬಿ ಕೇಬಲ್ ಸುತ್ತಿ ಲ್ಯಾಪ್‌ಟಾಪ್ ಮೂಲಕ ಬರ್ತಿದೆ. ಅಷ್ಟು ದೊಡ್ಡ ಸುತ್ತು ಅಂದರೆ ಅದೇ ಒಂದು ಕಾಯಿಲ್, ನಿಮ್ಮದೇ ಪಲ್ಸನ್ನು ಹೀರಿಕೊಳ್ಳುತ್ತೆ.

ಮೂರನೆಯದು ಎಲ್ಲಕ್ಕಿಂತ ಮುಖ್ಯ, ಕ್ರಮ ಬದಲಿಸಿ. ಮೊದಲು ರೀಸೆಟ್. ಗುರಿ ಎದ್ದು, ಪಿನ್ನನ್ನು ಲೋ ಹಿಡಿದು, ಸೀರಿಯಲ್‌ನಲ್ಲಿ 'ಸಿದ್ಧ' ಅಂತ ಹೇಳಲಿ. ಆಮೇಲೆ ಪಿಕೊಗೆ ಫಾಸ್ಟ್ ಟ್ರಿಗರ್ ಕೊಡಿ. ಕೊನೆಗೆ ಗುರಿಗೆ ಒಂದು ಅಕ್ಷರ ಕಳಿಸಿ, ಅದು ಬಂದ ಮೇಲೇ ಪಿನ್ ಹೈ ಆಗಿ ಲೂಪ್ ಶುರುವಾಗಲಿ. ಪ್ರತಿ ಪಲ್ಸಿನ ನಂತರ ಮತ್ತೆ ಫಾಸ್ಟ್ ಟ್ರಿಗರ್ ಕೊಡಲೇಬೇಕು.

ನಾನು ಹೊಸಬರಿಗೆ ಕಲಿಸುವಾಗ ವಾರಗಟ್ಟಲೆ ವ್ಯರ್ಥ ಆಗೋದನ್ನು ಕಂಡಿರೋದು ಇಲ್ಲೇ. ಪಲ್ಸ್ ಯಾವ ಕ್ಷಣದಲ್ಲಿ ಬಿತ್ತು ಅಂತ ಕಣ್ಣಾರೆ ನೋಡದೆ ವೋಲ್ಟೇಜ್, ಅಗಲ, ಕಾಯಿಲ್ ಬದಲಿಸ್ತಾ ಕೂತಿರ್ತಾರೆ.

ಕೋಡ್‌ಗದ್ದೆ · ಶನಿವಾರ ಸಂಜೆ 5:45

ಫರ್ಮ್‌ವೇರ್ ಕಡೆಯಿಂದ ಎರಡು ಮಾತು.

ಆ ಎಣಿಕೆಯ ವೇರಿಯಬಲ್ಲುಗಳಿಗೆ ವೊಲಟೈಲ್ (ಕಂಪೈಲರ್ ಮೊಟಕು ಮಾಡದಿರಲಿ ಅನ್ನುವ ಗುರುತು) ಹಾಕಿದ್ದೀರಾ? ಹಾಕದೆ ಆಪ್ಟಿಮೈಸೇಶನ್ ಹಚ್ಚಿದ್ದರೆ ಕಂಪೈಲರ್ 200ನ್ನು 200ರಿಂದ ತಾನೇ ಗುಣಿಸಿ 40000 ಅಂತ ನೇರ ಬರೆದಿರುತ್ತೆ. ಚಿಪ್ಪಿನಲ್ಲಿ ಲೂಪೇ ಇರಲ್ಲ! ಡಿಸ್‌ಅಸೆಂಬ್ಲಿ, ಅಂದರೆ ಚಿಪ್ ನಿಜಕ್ಕೂ ಓಡಿಸುವ ಸೂಚನೆಗಳ ಪಟ್ಟಿ, ತೆಗೆದು ನೋಡಿ, ಅನುಮಾನ ಬೇಡ.

ಇನ್ನೊಂದು, 'ರೀಸೆಟ್ ಆಯ್ತು' ಅಂತ ಒಂದೇ ಪೆಟ್ಟಿಗೆಯಲ್ಲಿ ಎಲ್ಲ ತುಂಬಬೇಡಿ. ಬೂಟ್ ಆದ ಕೂಡಲೇ, ರೀಸೆಟ್ ಯಾಕಾಯ್ತು ಅಂತ ಗುರುತಿಡುವ ಆರ್‌ಸಿಸಿ ಸಿಎಸ್‌ಆರ್ ರಿಜಿಸ್ಟರ್ ಓದಿ ಪ್ರಿಂಟ್ ಮಾಡಿ. ಪವರ್ ಕುಸಿದು ರೀಸೆಟ್ ಆಯ್ತಾ, ರೀಸೆಟ್ ಪಿನ್ನೇ ಅಲುಗಿತಾ, ಕೋಡ್ ಸಿಕ್ಕಿಕೊಂಡಾಗ ರೀಸೆಟ್ ಮಾಡುವ ವಾಚ್‌ಡಾಗ್ ಎಬ್ಬಿಸಿತಾ, ಎಲ್ಲಕ್ಕೂ ಬೇರೆಬೇರೆ ಬಿಟ್ ಇದೆ. ಓದಿದ ಮೇಲೆ ಅಳಿಸೋದನ್ನು ಮರೀಬೇಡಿ, ಇಲ್ಲದಿದ್ದರೆ ಹಳೇದೇ ಉಳಿದಿರುತ್ತೆ. ಹಾರ್ಡ್ ಫಾಲ್ಟ್ ಹ್ಯಾಂಡ್ಲರ್ ಬರೆದು ಅದರಿಂದಲೂ ಒಂದು ಅಕ್ಷರ ಕಳಿಸಿ. ಹಾರ್ಡ್ ಫಾಲ್ಟ್ ಬಂದರೆ ಬೇಸರ ಮಾಡ್ಕೋಬೇಡಿ, ಪ್ರೊಸೆಸರ್ ಯಾವುದೋ ಸೂಚನೆಯನ್ನು ತಪ್ಪಾಗಿ ಓದಿದೆ, ಇಲ್ಲ ತಪ್ಪು ವಿಳಾಸಕ್ಕೆ ಹೋಗಿದೆ ಅಂತ ಅರ್ಥ. ನೀವು ಹತ್ತಿರ ಬಂದಿದ್ದೀರಿ. ಆ ಜಾಗ ಬಿಡದೆ ಕಾಯಿಲನ್ನು ಸ್ವಲ್ಪ ಮೇಲೆತ್ತಿ. ಬೇರೆ ಬಿಟ್ ಯಾವುದೂ ಇಲ್ಲದೆ ರೀಸೆಟ್ ಪಿನ್ ಬಿಟ್ ಒಂದೇ ಮತ್ತೆಮತ್ತೆ ಬಂದರೆ ನಿಮ್ಮ ಕಾಯಿಲ್ ಚಿಪ್ಪಿಗಿಂತ ರೀಸೆಟ್ ವೈರಿಗೆ ಹೆಚ್ಚು ಹೊಡೀತಿದೆ.

ತಾಮ್ರತಂತಿ · ಶನಿವಾರ ರಾತ್ರಿ 11:50

39943!!

ಇದನ್ನು ಟೈಪ್ ಮಾಡುವಾಗ ಕೈ ನಡುಗ್ತಿದೆ. ರೆಸಿಸ್ಟರ್ ಹಾಕಿದೆ, ಗ್ರೌಂಡ್ ಹೆಣೆದೆ, ಕ್ರಮ ಬದಲಿಸಿದೆ. ಸ್ಕೋಪಿನಲ್ಲಿ ಈಗ ಮುಳ್ಳು ಪ್ರತಿ ಸಲವೂ ಪಿನ್ ಹೈ ಆದ ಮೇಲೆಯೇ ಬರ್ತಿದೆ, ಒಂದೇ ಜಾಗಕ್ಕೆ. ವೊಲಟೈಲ್ ಇತ್ತು, ಅದೊಂದು ಸರಿ ಇತ್ತು. ಮೊದಲು ಬರೀ ಹಾರ್ಡ್ ಫಾಲ್ಟ್ ಬಂತು. ಚಿಪ್ ಮೇಲೆ ಎರಡು ಪದರ ಪೋಸ್ಟ್‌ಕಾರ್ಡ್ ಇಟ್ಟು ಕಾಯಿಲ್ ಮೇಲೆತ್ತಿದೆ, ಹನ್ನೊಂದೂವರೆಗೆ 39943 ಬಂತು. ಆಮೇಲೆ ಇನ್ನೂ ಎರಡು ಸಲ ಬೇರೆ ತಪ್ಪು ಸಂಖ್ಯೆ. ಒಳಗಿನ ಲೂಪ್ ಒಂದು ಸಲ ಮಧ್ಯದಲ್ಲೇ ಮುರಿದು ಹೊರಬಂದಿದೆ ಅಂತ ನನ್ನ ಲೆಕ್ಕ, ಯಾಕಂದ್ರೆ ಕಡಿಮೆಯಾಗಿರೋದು 57, ಅದು 200ರೊಳಗೇ ಇದೆ.

ಮನೆಯವರನ್ನು ಎಬ್ಬಿಸಿ ತೋರಿಸಿದೆ. ಅಮ್ಮ ಸ್ಕ್ರೀನ್ ನೋಡಿ 'ಒಳ್ಳೇದಾಯ್ತು ಮಲಕ್ಕೋ' ಅಂದ್ರು.

ಧಾರವಾಡ_ಬೆಸುಗೆ · ಭಾನುವಾರ ಬೆಳಿಗ್ಗೆ 6:20

ಶಾಬಾಸ್ ತಮ್ಮಾ! ಬೆಳಗಿನ ಚಾ ಕುಡಕೋತ ಓದಿ ಭಾಳ ಖುಷಿ ಆತು.

ದೂರದೂರು · ಭಾನುವಾರ ಮಧ್ಯಾಹ್ನ 1:35

ನೆದರ್ಲೆಂಡ್ಸ್‌ನಿಂದ ಬರೀತಿದ್ದೀನಿ. ನನ್ನ ಮೇಜಿನ ಮೇಲಿರೋದು ಚಿಪ್‌ಶೌಟರ್, ಇದೇ ಥರ ಪಲ್ಸ್ ಹೊಡೆಯುವ ಸಿದ್ಧ ಯಂತ್ರ. ಅದೂ ಪಿಕೊಇಎಮ್‌ಪಿ ಹೊರತಂದ ನ್ಯೂಎಇ ಸಂಸ್ಥೆಯದೇ, 150ರಿಂದ 500 ವೋಲ್ಟ್‌ವರೆಗೆ ಹೊಂದಿಸಬಹುದು. ಅದನ್ನು ಬಳಸುವವರಿಗೂ ಈ ಥ್ರೆಡ್ ಉಪಯೋಗಕ್ಕೆ ಬರಲಿ ಅಂತ ಎರಡು ವಿಷಯ ಸೇರಿಸ್ತೀನಿ. ಇವೆರಡೂ ನನ್ನನ್ನು ದಿನಗಟ್ಟಲೆ ಕಾಡಿದ್ದವು.

ಒಂದು, ಸಾಫ್ಟ್‌ವೇರಿನಲ್ಲಿ ಪಲ್ಸ್ ಅಗಲ ಅಂತ ಬರೆಯುವ ಸಂಖ್ಯೆ ಬಟನ್ನಿನಿಂದಲೋ ಕಮಾಂಡಿನಿಂದಲೋ ಹೊಡೆಯುವ ಪಲ್ಸಿಗೆ. ಹೊರಗಿನ ಟ್ರಿಗರ್ ಕೇಬಲ್ ಹಾಕಿದರೆ ಆ ಲೈನೇ ಸ್ವಿಚ್ಚನ್ನು ಆಡಿಸುತ್ತೆ, ಲೈನ್ ಎಷ್ಟು ಹೊತ್ತು ಎದ್ದಿರುತ್ತೋ ಪಲ್ಸ್ ಅಷ್ಟು ಅಗಲ. ತಾಮ್ರತಂತಿಯವರ ಹಾಗೆ ಲೂಪ್ ಪೂರ್ತಿ ಹೈ ಇರುವ ಪಿನ್ನನ್ನು ನೇರ ಜೋಡಿಸಿದರೆ ಮಿಲಿಸೆಕೆಂಡುಗಟ್ಟಲೆ ಪಲ್ಸ್ ಕೇಳಿದ ಹಾಗೆ, ಪೆಟ್ಟಿಗೆ ದೋಷ ತೋರಿಸಿ ನಿಲ್ಲುತ್ತೆ. ಮಧ್ಯೆ ಒಂದು ಚಿಪ್‌ವಿಸ್ಪರರ್ (ಇಂಥ ಪ್ರಯೋಗಕ್ಕೆ ಹೊತ್ತು ಎಣಿಸಿ ಪಲ್ಸ್ ಕೊಡುವ ಬೋರ್ಡು) ಅಥವಾ ಬರೀ ಒಂದು ಪಿಕೊ ಇಟ್ಟು, ಅಂಚು ಕಂಡ ಮೇಲೆ ಡಿಲೇ ಎಣಿಸಿ, ನೂರೋ ಇನ್ನೂರೋ ನ್ಯಾನೊಸೆಕೆಂಡಿನ ಪುಟ್ಟ ಪಲ್ಸ್ ಮಾಡಿ ಕಳಿಸಬೇಕು. ಚಿಪ್‌ವಿಸ್ಪರರ್ 7.37 ಮೆಗಾಹರ್ಟ್ಸ್ ಗಡಿಯಾರದಲ್ಲಿದ್ದರೆ ಪಲ್ಸಿನ ಅಗಲ ಹೇಳುವ ರಿಪೀಟ್ ಸಂಖ್ಯೆಯಲ್ಲಿ ಒಂದು ಅಂದರೆ ಸುಮಾರು 136 ನ್ಯಾನೊಸೆಕೆಂಡ್.

ಎರಡು, ಟ್ರಿಗರ್ ಇನ್‌ಪುಟ್ಟಿಗೆ 50 ಓಮ್ ಟರ್ಮಿನೇಶನ್, ಅಂದರೆ ಲೈನಿನ ಕೊನೆಗೆ 50 ಓಮ್ ರೆಸಿಸ್ಟರ್ ಹಾಕುವ ಆಯ್ಕೆ ಇದೆ. ಪ್ರಯೋಗಾಲಯದ ಪಲ್ಸ್ ಜನರೇಟರಿಗೆ ಅದು ಸರಿ. ಮೈಕ್ರೊಕಂಟ್ರೋಲರ್ ಪಿನ್ನಿಗೆ ಸರಿಯಲ್ಲ. 3.3 ವೋಲ್ಟನ್ನು 50 ಓಮಿಗೆ ತಳ್ಳಬೇಕಾದರೆ 66 ಮಿಲಿಆಂಪಿಯರ್ ಬೇಕು, ಎಸ್‌ಟಿಎಮ್32ಎಫ್103ರ ಒಂದು ಪಿನ್ನಿನ ಮಿತಿ 25. ಲೈನ್ ಅರ್ಧಕ್ಕೆ ಏರಿ ನಿಲ್ಲುತ್ತೆ, ಟ್ರಿಗರ್ ಒಮ್ಮೆ ಸಿಗುತ್ತೆ, ಒಮ್ಮೆ ಸಿಗಲ್ಲ. ಆ ಆಯ್ಕೆ ತೆಗೆದುಬಿಡಿ. ಆರ್ಮ್ ಮಾಡುವ ಮೊದಲು ಆಕ್ಟಿವ್ ಹೈಯೋ ಆಕ್ಟಿವ್ ಲೋನೋ ಅಂತಲೂ ನೋಡಿ. ತಿರುಗಾ ಇದ್ದರೆ ಸುಮ್ಮನಿರುವ ಲೈನೇ ಅದಕ್ಕೆ ಟ್ರಿಗರ್.

ಹೊಸಬೆಳಕು · ಭಾನುವಾರ ಸಂಜೆ 4:00

ಓದ್ತಾ ಬಂದೆ, ಚೆನ್ನಾಗಿದೆ. ಒಂದು ಪ್ರಶ್ನೆ, ತಪ್ಪು ತಿಳೀಬೇಡಿ. ಇದನ್ನೆಲ್ಲ ಹೀಗೆ ಬಿಡಿಸಿ ಹೇಳಿದರೆ ಕಳ್ಳರಿಗೆ ದಾರಿ ತೋರಿಸಿದ ಹಾಗಲ್ವಾ?

ಕೋಡ್‌ಗದ್ದೆ · ಭಾನುವಾರ ಸಂಜೆ 5:20

ಕೇಳಬೇಕಾದ ಪ್ರಶ್ನೆಯೇ. ಇಲ್ಲಿ ಎಲ್ಲರೂ ತಮ್ಮದೇ ಬೋರ್ಡಿನ ಮೇಲೆ ತಮ್ಮದೇ ಕೋಡ್ ಹಾಕಿ ಹೊಡೀತಿದ್ದಾರೆ. ಬೇರೆಯವರ ಸಾಧನದ ಮೇಲೆ ಅಪ್ಪಣೆಯಿಲ್ಲದೆ ಮಾಡೋದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಆದರೆ ನಾನು ಹೊಟ್ಟೆಪಾಡಿಗೆ ಬರೆಯೋದು ಫರ್ಮ್‌ವೇರ್, ನನಗೆ ಇದು ಗೊತ್ತಿರಲೇಬೇಕು. 2019ರಲ್ಲಿ ಕಾಲಿನ್ ಒ'ಫ್ಲಿನ್ ಟ್ರೆಜರ್ ಒನ್ ಎಂಬ ಕ್ರಿಪ್ಟೊ ವ್ಯಾಲೆಟ್ಟಿನ ಮೇಲೆ, ಹೊರಕವಚ ಬಿಚ್ಚದೆಯೇ, ಇಂಥದ್ದೇ ಪಲ್ಸ್ ಹೊಡೆದು ತೋರಿಸಿದರು. ಯುಎಸ್‌ಬಿ ಮೂಲಕ 'ಇಷ್ಟು ಬೈಟ್ ಕೊಡು' ಅಂತ ಕೇಳಿದಾಗ ಸಾಧನ ತನ್ನ ಬಳಿ ಇರುವ ಉದ್ದಕ್ಕೆ ಅದನ್ನು ಮೊಟಕು ಮಾಡಬೇಕು. ಆ ಒಂದು ಹೋಲಿಕೆ ತಪ್ಪಿದರೆ ಮೆಮೊರಿಯಲ್ಲಿ ಮುಂದೆ ಇರುವುದನ್ನೂ ಸುರಿದುಬಿಡುತ್ತೆ, ವ್ಯಾಲೆಟ್ಟಿನ ಕೀಲಿಯಾದ ಗುಟ್ಟಿನ ಬೀಜಪದಗಳನ್ನೂ ಸೇರಿಸಿ. ಕೋಡಿನಲ್ಲಿ ತಪ್ಪಿರಲಿಲ್ಲ ನೋಡಿ. ಎಷ್ಟು ಸಲ ಕೋಡ್ ರಿವ್ಯೂ ಮಾಡಿದರೂ ಇದು ಸಿಗುತ್ತಿರಲಿಲ್ಲ.

ಆ ಕೆಲಸ ಓದಿದ ಮೇಲೆ ನಾನು ಹೋಲಿಕೆಗಳನ್ನು ಎರಡೆರಡು ಸಲ, ಬೇರೆಬೇರೆ ರೀತಿಯಲ್ಲಿ ಬರೆಯೋಕೆ ಶುರು ಮಾಡಿದೆ. ಹೌದು ಅಲ್ಲ ಅನ್ನೋದಕ್ಕೆ 1 ಮತ್ತು 0 ಬಳಸಲ್ಲ, ಹಲವು ಬಿಟ್‌ಗಳಲ್ಲಿ ಬೇರೆಯಾಗುವ ಎರಡು ದೊಡ್ಡ ಸಂಖ್ಯೆ ಬಳಸ್ತೀನಿ. ಮುಖ್ಯ ಪರೀಕ್ಷೆಗೆ ಮೊದಲು ಯಾದೃಚ್ಛಿಕ ಡಿಲೇ. ಇವು ನಿಜಕ್ಕೂ ತಡೆಯುತ್ತವಾ ಅಂತ ತಿಳಿಯೋಕೆ ಹೊಡೆದು ನೋಡಬೇಕು, ಬೇರೆ ದಾರಿ ಇಲ್ಲ.

ದೂರದೂರು · ಭಾನುವಾರ ಸಂಜೆ 6:05

ಅದಕ್ಕೊಂದು ಸೇರಿಕೆ. ಮಾರುಕಟ್ಟೆಯ ಸಾಧನದಲ್ಲಿ ನಿಮಗಾಗಿ ಟ್ರಿಗರ್ ಪಿನ್ ಎತ್ತುವವರು ಯಾರೂ ಇರಲ್ಲ. ಟ್ರೆಜರ್ ಕೆಲಸದಲ್ಲಿ ಟ್ರಿಗರ್ ಬಂದದ್ದು ಯುಎಸ್‌ಬಿ ಪ್ಯಾಕೆಟ್ಟಿನಿಂದ. ಲೈನಿನಲ್ಲಿ ಹೋಗುವ ಕೋರಿಕೆಯನ್ನು ಯಂತ್ರ ಗುರುತಿಸಿ ಅಲ್ಲಿಂದ ಡಿಲೇ ಎಣಿಸಬೇಕು. ಪಲ್ಸ್ ಹೊಡೆಯೋದಕ್ಕಿಂತ ಆ ಗುರುತು ಹಿಡಿಯೋದು ಕಷ್ಟ.

ತಾಮ್ರತಂತಿ · ಸೋಮವಾರ ರಾತ್ರಿ 9:15

ಮುಂದಿನ ಹೆಜ್ಜೆಗೆ ಬಂದೆ. ಈಗ ಗುರಿ ಗುಪ್ತಪದ ಹೋಲಿಸುವ ಚಿಕ್ಕ ಪ್ರೋಗ್ರಾಮ್. ತಪ್ಪು ಪದ ಕೊಟ್ಟರೂ 'ಸರಿ' ಅನ್ನಿಸಬೇಕು. ಲೂಪ್ ತಪ್ಪಿಸಿದ ಜಾಗದಲ್ಲೇ ಕಾಯಿಲ್ ಇದೆ, ಡಿಲೇಯನ್ನು 0ಯಿಂದ ಒಂದೊಂದೇ ಏರಿಸ್ತಿದ್ದೀನಿ. ನಿನ್ನೆ ರಾತ್ರಿ ಒಂದು ಡಿಲೇಗೆ ಎರಡು ಸಲ ಸಿಕ್ಕಿತು, ಬೆಳಿಗ್ಗೆ ಅದೇ ಸಂಖ್ಯೆಗೆ ಒಂದೂ ಇಲ್ಲ. ಗಡಿಯಾರವನ್ನು ಚಿಪ್ಪಿನೊಳಗಿನ 8 ಮೆಗಾಹರ್ಟ್ಸಿಗೆ ಇಳಿಸಿದ್ದೀನಿ, ಸುಲಭ ಆಗಲಿ ಅಂತ.

ಗಡಿಯಾರದವಳು · ಸೋಮವಾರ ರಾತ್ರಿ 10:30

ಇಳಿಸಿದ್ದು ಒಳ್ಳೆಯದು, ಒಳಗಿನ ಗಡಿಯಾರ ಬಳಸಿದ್ದು ತೊಂದರೆ. ಅದು ಆರ್‌ಸಿ ಆಸಿಲೇಟರ್. ಕೋಣೆಯ ಬಿಸಿ ಬದಲಾದರೆ ಅದರ ವೇಗವೂ ಸರಿಯುತ್ತೆ. ಶೇಕಡಾ 1ರಷ್ಟು ಸರಿದರೂ, ಟ್ರಿಗರಿನಿಂದ 10 ಮಿಲಿಸೆಕೆಂಡ್ ದೂರದ ಹೋಲಿಕೆ 100 ಮೈಕ್ರೊಸೆಕೆಂಡ್ ಆಚೀಚೆ ಹೋಯ್ತು, ಅಂದರೆ 800 ಸೈಕಲ್. ರಾತ್ರಿಯ ಡಿಲೇ ಬೆಳಿಗ್ಗೆ ಸಿಗದೇ ಇರೋದಕ್ಕೆ ಇಷ್ಟು ಸಾಕು. ಬ್ಲೂ ಪಿಲ್ ಮೇಲೆ 8 ಮೆಗಾಹರ್ಟ್ಸ್ ಕ್ರಿಸ್ಟಲ್ ಇದೆ, ವೇಗ ಏರಿಸುವ ಪಿಎಲ್‌ಎಲ್ ಇಲ್ಲದೆ ನೇರ ಅದರಿಂದಲೇ ಓಡಿಸಿ.

ಪಿನ್ ಎತ್ತುವ ಸಾಲನ್ನು ಹೋಲಿಕೆಗೆ ಆದಷ್ಟು ಹತ್ತಿರ ತನ್ನಿ. ಮಧ್ಯೆ ಸೀರಿಯಲ್ ಪ್ರಿಂಟ್, ಇಂಟರಪ್ಟ್ ಯಾವುದೂ ಬೇಡ. ಹೊತ್ತು ಎಣಿಸೋಕೆ ಆಗಾಗ ಬರುವ ಸಿಸ್ಟಿಕ್ ಇಂಟರಪ್ಟ್ ಓಡ್ತಿದ್ದರೆ ಆ ಹೊತ್ತಿಗೆ ನಿಲ್ಲಿಸಿ. ಟ್ರಿಗರ್ ದೂರ ಇದ್ದಷ್ಟೂ ಜಿಟ್ಟರ್, ಅಂದರೆ ಹೊತ್ತಿನ ನಡುಕ, ಗುಡ್ಡೆಯಾಗುತ್ತೆ.

ಹೀಗೆ ಮಾಡಿದ ಮೇಲೂ ಸ್ವಲ್ಪ ನಡುಕ ಉಳಿಯುತ್ತೆ, ಅದು ಹೋಗಲ್ಲ. ಪಿಕೊದ ಗಡಿಯಾರಕ್ಕೂ ಗುರಿಯ ಗಡಿಯಾರಕ್ಕೂ ಸಂಬಂಧ ಇಲ್ಲ, ಹಾಗಾಗಿ ಅಂಚು ಕಾಣೋದರಲ್ಲೇ 8 ನ್ಯಾನೊಸೆಕೆಂಡ್ ಆಚೀಚೆ. ಇನ್‌ಪುಟ್ಟಿನ ಎರಡು ಫ್ಲಿಪ್‌ಫ್ಲಾಪ್ ಇನ್ನು 16 ನ್ಯಾನೊಸೆಕೆಂಡ್ ತಡ ಮಾಡ್ತವೆ. ಆದರೆ ಆ ತಡ ಪ್ರತಿ ಸಲವೂ ಒಂದೇ, ಡಿಲೇ ಲೆಕ್ಕದಲ್ಲಿ ಕರಗಿಹೋಗುತ್ತೆ. ನಿಮ್ಮ ಗುರಿಯ ಒಂದು ಸೈಕಲ್ ಈಗ 125 ನ್ಯಾನೊಸೆಕೆಂಡ್, ಈ ನಡುಕ ಅದರ ಮುಂದೆ ಲೆಕ್ಕಕ್ಕಿಲ್ಲ. 72 ಮೆಗಾಹರ್ಟ್ಸಿನಲ್ಲಿ ಸೈಕಲ್ 13.9 ನ್ಯಾನೊಸೆಕೆಂಡ್, ಅಲ್ಲಿ ಇದೇ ನಡುಕ ಅರ್ಧಕ್ಕಿಂತ ಹೆಚ್ಚು ಸೈಕಲ್ ತಿನ್ನುತ್ತೆ.

ಡಿಲೇ ಒಂದೊಂದೇ ಏರಿಸಬೇಡಿ. ನಿಮ್ಮ ಒಂದು ಸೈಕಲ್ಲಿಗೆ ಪಿಕೊದ 15 ಚಿಲ್ಲರೆ ಸೈಕಲ್ ಆಗುತ್ತೆ, ನಾಲ್ಕು ನಾಲ್ಕು ದಾಟಿಸಿದರೆ ಏನೂ ತಪ್ಪಿಹೋಗಲ್ಲ. 20 ಮೈಕ್ರೊಸೆಕೆಂಡಿನ ಕಿಟಕಿಗೆ 625 ಡಿಲೇ, ಒಂದೊಂದಕ್ಕೆ 20 ಹೊಡೆತ, ಒಟ್ಟು 12500. ಸೆಕೆಂಡಿಗೊಂದು ಹೊಡೆತ ಅಂದರೂ ಮೂರೂವರೆ ಗಂಟೆ.

ಧಾರವಾಡ_ಬೆಸುಗೆ · ಸೋಮವಾರ ರಾತ್ರಿ 11:05

ಮೂರೂವರಿ ತಾಸು ಓಡಸೂ ಮುಂದ ಒಂದು ಮಾತ. ಈ ಪಲ್ಸಿಗೆ ಲ್ಯಾಪ್‌ಟಾಪಿನ ಯುಎಸ್‌ಬಿನೂ ಬೆಚ್ಚಿ ಬೀಳತೈತಿ. ನಡುರಾತ್ರಿ ಸೀರಿಯಲ್ ಪೋರ್ಟ್ ಕಳದು ಸ್ಕ್ರಿಪ್ಟ್ ನಿಂತಿರತೈತಿ, ಮುಂಜಾನೆದ್ದು ನೋಡಿದರ ಖಾಲಿ ಫೈಲು. ನಡುವ ಒಂದು ಹಬ್ ಹಾಕು, ಕೇಬಲ್ಲಿಗೆ ಫೆರೈಟ್ ಮಣಿ ಹಚ್ಚು, ಲ್ಯಾಪ್‌ಟಾಪ್ ಒಂದು ಮೊಳ ದೂರ ಇಡು. ಪೋರ್ಟ್ ಹೋದರ ಮತ್ತ ತಗಿಯೂಹಂಗ ಸ್ಕ್ರಿಪ್ಟಿನ್ಯಾಗ ಬರಿ. ಪ್ರತಿ ಹೊಡತಾನೂ ಆಗಿಂದಾಗ ಫೈಲಿಗೆ ಬೀಳಬೇಕು.

ಮತ್ತ ನಿನ್ನ ಬ್ಲೂ ಪಿಲ್ ಚಿಪ್ಪಿನ ಮ್ಯಾಲಿನ ಅಕ್ಷರ ಭೂತಗನ್ನಡಿ ಹಿಡದು ಓದು. ಪ್ಯಾಟ್ಯಾಗ ಸಿಗೂ ಅಗ್ಗದ ಬೋರ್ಡಿನ್ಯಾಗ ನಕಲಿ ಚಿಪ್ ಭಾಳ. ಒಳಗಿನ ಸಿಲಿಕಾನ್ ಬ್ಯಾರೆ ಇದ್ದರ ಚಿಪ್ಪಿನ ಮ್ಯಾಲೆ ಎಲ್ಲಿ ಹೊಡದರ ತಪ್ಪತೈತಿ ಅಂತ ಮಂದಿ ಹಾಕಿದ ನಕಾಶೆ ನಿನ್ನ ಚಿಪ್ಪಿಗೆ ಹೊಂದಂಗಿಲ್ಲ.

ತಾಮ್ರತಂತಿ · ಬುಧವಾರ ರಾತ್ರಿ 8:40

ಚಿಪ್ ನಕಲಿಯೇ, ಅಕ್ಷರ ಬೇರೆ ಇದೆ. ಆದರೂ ಕ್ರಿಸ್ಟಲಿಗೆ ಬದಲಿಸಿ, ಟ್ರಿಗರ್ ಹತ್ತಿರ ತಂದು, ನಾಲ್ಕು ನಾಲ್ಕು ದಾಟಿಸಿ ಓಡಿಸಿದೆ. ಒಂದೇ ಕಡೆ ಗುಂಪಾಗಿ ಹನ್ನೊಂದು 'ಸರಿ' ಸಿಕ್ಕಿವೆ. ಮರುದಿನ ಬೆಳಿಗ್ಗೆ ಮತ್ತೆ ಓಡಿಸಿದೆ, ಗುಂಪು ಅಲ್ಲೇ ಇದೆ, ಕದಲಿಲ್ಲ. ಡಿಸ್‌ಅಸೆಂಬ್ಲಿಯಲ್ಲಿ ಸೈಕಲ್ ಎಣಿಸಿ ನೋಡಿದರೆ ಹೋಲಿಕೆಯ ನಂತರದ ಬ್ರಾಂಚ್ ಸೂಚನೆಯ ಸುತ್ತಮುತ್ತ ಬರುತ್ತೆ.

ಲ್ಯಾಬಿನಲ್ಲಿ ಯಾರೂ ಮುಟ್ಟದ ಒಂದು ತ್ರೀಡಿ ಪ್ರಿಂಟರ್ ಇದೆ. ಗೈಡ್ ಕೇಳಿದಾಗ ಒಪ್ಪಿದರು. ಅದರ ತಲೆಗೆ ಕಾಯಿಲ್ ಕಟ್ಟಿ, 7 ಮಿಲಿಮೀಟರ್ ಚದರದ ಚಿಪ್ ಮೇಲೆ ಅರ್ಧರ್ಧ ಮಿಲಿಮೀಟರಿಗೆ ಸರಿಸಿದರೆ 225 ಬಿಂದು, ಒಂದೊಂದಕ್ಕೆ 20 ಹೊಡೆತ, 75 ನಿಮಿಷ. ಮೊದಲು ಲೂಪ್ ಕೋಡಿನಲ್ಲೇ ಓಡಿಸ್ತೀನಿ. ಆಮೇಲೆ ಕಾಯಿಲನ್ನು ತಿರುಗಾ ಸುತ್ತಿ ಇನ್ನೊಂದು ಸಲ, ಒದೆಗಳ ದಿಕ್ಕು ತಿರುಗಿದರೆ ಗುಂಪು ಜಾಗ ಬದಲಿಸುತ್ತಾ ಅಂತ ನೋಡಬೇಕು. ಎರಡೂ ನಕ್ಷೆ ಭಾನುವಾರ ಇಲ್ಲೇ ಹಾಕ್ತೀನಿ. ಕೋಡ್‌ಗದ್ದೆ ಸರ್, ನಿಮ್ಮ ಎರಡು ಸಲ ಹೋಲಿಸುವ ಕೋಡ್ ಕಳಿಸ್ತೀರಾ? ಅದರ ಮೇಲೂ ಹೊಡೆದು ನೋಡ್ತೀನಿ.